ಎಡದ ವೈರ್‌ಗೆ ಬಲದ ವೈರ್ ಸೇರಿಸಿ ಸೆಂಟರ್ ಸ್ಪೀಕರ್ ಹಾಕಿಸಿಕೊಳ್ಳಬೇಡಿ

ಡ್ಯಾಶ್‌ಬೋರ್ಡಿನ ನಡುವೆ ಒಂದು ಸ್ಪೀಕರ್ ಕೂರಿಸುವುದು ಅರ್ಧ ದಿನದ ಕೆಲಸ ಎಂದು ಹೇಳಿ ನನ್ನ ಕಾರನ್ನು ಬಿಚ್ಚಿದರು. ಮೂರು ವಾರ ಕಳೆಯುವಷ್ಟರಲ್ಲಿ ಸ್ಟೀರಿಯೊ ಒಳಗಿನಿಂದ ಸುಟ್ಟ ವಾಸನೆ ಬಂದಿತು, ಮುಂದಿನ ಎರಡೂ ಬಾಗಿಲುಗಳ ಸ್ಪೀಕರುಗಳು ಸತ್ತವು. ಏರ್‌ಬ್ಯಾಗ್ ದೀಪವಂತೂ ಮೊದಲ ದಿನದಿಂದಲೇ ಆರಿರಲಿಲ್ಲ. ಇದೇ ಕೆಲಸ ಮಾಡಿಸಿಕೊಳ್ಳಲು ಹೊರಟವರು ಯಾರಾದರೂ ಇದ್ದರೆ, ಕಾರಿನ ಕೀಲಿ ಕೊಡುವ ಮೊದಲು ಇದನ್ನು ಪೂರ್ತಿ ಓದಿ.

ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಕಾರಿನಲ್ಲಿ ನಾಲ್ಕು ಬಾಗಿಲಿಗೆ ನಾಲ್ಕು ಸ್ಪೀಕರುಗಳಿದ್ದವು, ಸ್ಟೀರಿಯೊದಲ್ಲಿ ಸರೌಂಡ್ ಎಂಬ ಆಯ್ಕೆಯೂ ಇತ್ತು. ಆದರೆ ಚಾಲಕ ಕಾರಿನ ಮಧ್ಯದಲ್ಲಿ ಕೂರುವುದಿಲ್ಲವಲ್ಲ. ಹಾಡುವವರ ದನಿ ಯಾವಾಗಲೂ ನನ್ನ ಮೊಣಕಾಲಿನ ಪಕ್ಕದ ಬಾಗಿಲಿನಿಂದ ಬರುತ್ತಿತ್ತು. ಸಿನಿಮಾ ಮಂದಿರದಲ್ಲಿ ಮಾತು ಪರದೆಯ ನಡುವಿನಿಂದ ಬರುವಂತೆ ಕಾರಿನಲ್ಲಿಯೂ ದನಿ ಎದುರಿನಿಂದ ಬರಲಿ ಎಂಬ ಆಸೆ. ಅದಕ್ಕೆ ಸೆಂಟರ್ ಸ್ಪೀಕರ್ ಬೇಕು ಎಂಬ ನನ್ನ ತಿಳಿವಳಿಕೆ ತಪ್ಪಾಗಿರಲಿಲ್ಲ. ಆ ಸ್ಪೀಕರಿಗೆ ಸಿಗ್ನಲ್ ಎಲ್ಲಿಂದ ಬರುತ್ತದೆ ಎಂದು ಮಾತ್ರ ನಾನು ಕೇಳಲಿಲ್ಲ.

ಕೆಲಸ ಮಾಡಿದವರು ಮೂರೂವರೆ ಇಂಚಿನ, ನಾಲ್ಕು ಓಮ್‌ನ (ಓಮ್ ಎಂದರೆ ವಿದ್ಯುತ್ ತಡೆಯ ಅಳತೆ) ಸ್ಪೀಕರ್ ತಂದರು. ಎಡ ಬಾಗಿಲಿನ ಪ್ಲಸ್ ವೈರಿನ ಹೊದಿಕೆ ಸುಲಿದರು, ಬಲ ಬಾಗಿಲಿನ ಪ್ಲಸ್ ವೈರಿನದನ್ನೂ ಸುಲಿದರು, ಎರಡನ್ನೂ ಒಟ್ಟಿಗೆ ತಿರುಚಿ ಒಂದು ಕೆಪಾಸಿಟರ್ ಮೂಲಕ ಹೊಸ ಸ್ಪೀಕರಿನ ಪ್ಲಸ್‌ಗೆ ಕೊಟ್ಟರು. ಅದರ ಮೈನಸನ್ನು ಡ್ಯಾಶ್‌ಬೋರ್ಡಿನ ಹಿಂದಿನ ಲೋಹದ ಪಟ್ಟಿಗೆ ಸ್ಕ್ರೂ ಹಾಕಿ ಬಿಗಿದರು. "ಎಡವೂ ಬಲವೂ ಸೇರಿದರೆ ಮಧ್ಯ ಬರುತ್ತದೆ, ಸರ್" ಎಂದರು. ಕೇಳಲು ಸರಿಯೇ ಅನ್ನಿಸಿತು, ನಾನು ಒಪ್ಪಿದೆ.

ಮೊದಲ ದಿನ ಸಂತೋಷವೇ ಆಯಿತು. ದನಿ ನಿಜವಾಗಿಯೂ ಮುಂದಿನಿಂದ ಬರುತ್ತಿತ್ತು. ಎರಡನೆಯ ದಿನ ಏನೋ ಕಳೆದುಹೋದಂತೆ ಭಾಸವಾಯಿತು. ಎಡಗಡೆ ಇರುತ್ತಿದ್ದ ತಂಬೂರಿ, ಬಲಗಡೆ ಇರುತ್ತಿದ್ದ ತಬಲಾ ಎಲ್ಲವೂ ನಡುವಿಗೆ ಬಂದು ಒಂದರ ಮೇಲೊಂದು ಕುಳಿತಿದ್ದವು. ಅಗಲವೇ ಇರಲಿಲ್ಲ. ಆಮೇಲೆ ವಿಚಿತ್ರವಾದ ಇನ್ನೊಂದು ತೊಂದರೆ ಕಾಣಿಸಿಕೊಂಡಿತು: ಸುದ್ದಿ ಕೇಳುವಾಗ, ಯಾರಾದರೂ ಮಾತನಾಡುವುದನ್ನು ಕೇಳುವಾಗ ಯಾವ ಅಡ್ಡಿಯೂ ಇಲ್ಲ, ಆದರೆ ವಾದ್ಯಗಳನ್ನು ಎರಡು ಕಡೆಗೂ ಹಂಚಿರುವ ಹಾಡು ಬಂದು, ನಾನು ಸದ್ದು ಸ್ವಲ್ಪ ಏರಿಸಿದೆನೆಂದರೆ ಎಲ್ಲ ಸ್ಪೀಕರುಗಳೂ ಒಮ್ಮೆಗೇ ನಿಂತುಬಿಡುತ್ತಿದ್ದವು. ಎರಡು ಮೂರು ಸೆಕೆಂಡು ಬಿಟ್ಟು ಮತ್ತೆ ಶುರು. ಹಾಡಿನ ಫೈಲೇ ಕೆಟ್ಟಿದೆ ಎಂದುಕೊಂಡೆ. ಮೊಬೈಲಿನ ಬ್ಲೂಟೂತ್ ಮೇಲೆ ಅನುಮಾನಪಟ್ಟೆ. ಸ್ಟೀರಿಯೊದ ಬೆನ್ನು ಕಡಿಮೆ ಸದ್ದಿನಲ್ಲಿಯೂ ಬಿಸಿಯಾಗುತ್ತಿದೆ ಎಂದು ಗೊತ್ತಾದ ಮೇಲೂ ಹಾಕಿದವರಿಗೆ ಫೋನ್ ಮಾಡಿ "ಹೊಸದರಲ್ಲಿ ಹಾಗೆಯೇ" ಎಂಬ ಸಮಾಧಾನ ಕೇಳಿ ಸುಮ್ಮನಾದೆ. ಅಂದೇ ಗಾಡಿ ನಿಲ್ಲಿಸಿ ಆ ಜೋಡಣೆ ಕತ್ತರಿಸಿ ತೆಗೆಸಿದ್ದರೆ ಸ್ಟೀರಿಯೊ ಉಳಿಯುತ್ತಿತ್ತೇನೋ ಎಂದು ಈಗಲೂ ಸಂಕಟವಾಗುತ್ತದೆ.

ಸ್ಟೀರಿಯೊ ಸುಟ್ಟ ಮೇಲೆ ಅದನ್ನು ಬಿಚ್ಚಿ ನೋಡಿದವರು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವ ಹಿರಿಯರೊಬ್ಬರು. ಅವರು ಬಯ್ಯಲಿಲ್ಲ, ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಅವರು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ, ಏಕೆಂದರೆ ಇಡೀ ಅನಾಹುತದ ಬೇರು ಇದೇ.

ಕಾರಿನ ಬ್ಯಾಟರಿ 12 ವೋಲ್ಟಿನದು. ಅಷ್ಟರಿಂದಲೇ ಹೆಚ್ಚು ಶಕ್ತಿ ಹೊರಡಿಸಲು ಸ್ಟೀರಿಯೊ ಒಳಗಿನ ಆಂಪ್ಲಿಫೈಯರನ್ನು ಬ್ರಿಡ್ಜ್ ಮಾದರಿಯಲ್ಲಿ ಕಟ್ಟಿರುತ್ತಾರೆ. ಒಂದು ಸ್ಪೀಕರಿಗೆ ಹೋಗುವ ಎರಡು ವೈರುಗಳಲ್ಲಿ ಎರಡಕ್ಕೂ ಆಂಪ್ಲಿಫೈಯರ್ ಇದೆ. ಒಂದು ಮೇಲೇರಿದಾಗ ಇನ್ನೊಂದು ಕೆಳಗಿಳಿಯುತ್ತದೆ. ಹಾಡು ಇಲ್ಲದಿರುವಾಗಲೂ ಎರಡು ವೈರುಗಳೂ ಬ್ಯಾಟರಿಯ ವೋಲ್ಟೇಜಿನ ಸುಮಾರು ಅರ್ಧದಲ್ಲಿ, ಅಂದರೆ 6 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುತ್ತವೆ. ಹಾಗಾಗಿ ಮೈನಸ್ ಎಂದು ಗುರುತು ಹಾಕಿರುವ ಸ್ಪೀಕರ್ ವೈರ್ ಬಾಡಿ ಅರ್ತ್ (ಕಾರಿನ ಲೋಹದ ಮೈಗೆ ಸೇರಿದ ವೈರ್) ಅಲ್ಲ. ಸ್ಪೀಕರಿನ ಮೈನಸನ್ನು ಲೋಹಕ್ಕೆ ಬಿಗಿದರೆ ಆ 6 ವೋಲ್ಟ್ ನೇರ ವಿದ್ಯುತ್ತು ಸ್ಪೀಕರಿನ ಕಾಯಿಲ್ ಮೂಲಕ ಬಿಡುವಿಲ್ಲದೆ ಹರಿಯುತ್ತದೆ. ನನ್ನ ಸ್ಪೀಕರ್ ಉಳಿದದ್ದು ನಡುವೆ ಕೆಪಾಸಿಟರ್ ಇದ್ದದ್ದರಿಂದ ಮಾತ್ರ. ಅದನ್ನು ಹಾಕಿದ್ದು ಸಣ್ಣ ಸ್ಪೀಕರಿಗೆ ಬಾಸ್ ಹೋಗದಿರಲಿ ಎಂದು. ನೇರ ವಿದ್ಯುತ್ತನ್ನು ತಡೆದದ್ದು ಆಕಸ್ಮಿಕ.

ಆದರೆ ಸ್ಟೀರಿಯೊವನ್ನು ಕೊಂದದ್ದು ಎರಡು ಪ್ಲಸ್‌ಗಳ ಗಂಟು. ಎಡದ ಆಂಪ್ಲಿಫೈಯರ್ ತನ್ನ ವೈರನ್ನು 9 ವೋಲ್ಟಿಗೆ ಏರಿಸಬೇಕೆಂದಿರುವ ಕ್ಷಣದಲ್ಲಿ ಬಲದ್ದು ತನ್ನದನ್ನು 4 ವೋಲ್ಟಿಗೆ ಇಳಿಸಬೇಕೆಂದಿದೆ ಎನ್ನಿ. ಎರಡೂ ವೈರುಗಳು ಒಂದಕ್ಕೊಂದು ತಿರುಚಿಕೊಂಡಿವೆ, ನಡುವೆ ತಡೆ ಎಂಬುದೇ ಇಲ್ಲ. ಹಗ್ಗ ಜಗ್ಗಾಟದಂತೆ ಎರಡೂ ಒಂದನ್ನೊಂದು ಎಳೆಯುತ್ತವೆ, ಆ ವಿದ್ಯುತ್ತೆಲ್ಲ ಸ್ಪೀಕರಿಗೆ ಹೋಗದೆ ಆಂಪ್ಲಿಫೈಯರ್ ಚಿಪ್‌ನಲ್ಲಿಯೇ ಬಿಸಿಯಾಗಿ ಕರಗುತ್ತದೆ. ಮಾತಿನಲ್ಲಿ ಎಡವೂ ಬಲವೂ ಹೆಚ್ಚುಕಡಿಮೆ ಒಂದೇ, ಜಗ್ಗಾಟವಿಲ್ಲ. ವಾದ್ಯಗಳು ಹಂಚಿಹೋದ ಹಾಡಿನಲ್ಲಿ ಎರಡೂ ಬೇರೆ ಬೇರೆ. ಸುದ್ದಿ ಸರಿಯಾಗಿ ಕೇಳಿಸಿ ಹಾಡು ನಿಲ್ಲುತ್ತಿದ್ದದ್ದು ಇದಕ್ಕೇ! ಚಿಪ್ ತನ್ನನ್ನು ಕಾಪಾಡಿಕೊಳ್ಳಲು ಸದ್ದು ನಿಲ್ಲಿಸುತ್ತಿತ್ತು. ಮೂರು ವಾರ ಅದು ಎಚ್ಚರಿಸಿತು, ನಾನು ಸದ್ದು ಏರಿಸುತ್ತಲೇ ಇದ್ದೆ.

ಏರ್‌ಬ್ಯಾಗ್ ವಿಷಯಕ್ಕೆ ಬರುತ್ತೇನೆ, ಇದು ನನಗೆ ಸ್ಟೀರಿಯೊಗಿಂತ ಹೆಚ್ಚು ಸಿಟ್ಟು ತರಿಸಿದ್ದು. ಡ್ಯಾಶ್‌ಬೋರ್ಡ್ ಬಿಚ್ಚುವಾಗ ಬ್ಯಾಟರಿಯ ಮೈನಸ್ ತೆಗೆದು, ಏರ್‌ಬ್ಯಾಗ್ ಕಂಟ್ರೋಲ್ ಘಟಕದಲ್ಲಿ ಉಳಿದಿರುವ ವಿದ್ಯುತ್ತು ಇಳಿಯಲು ಕೆಲವು ನಿಮಿಷ ಕಾಯಬೇಕು. ನನ್ನ ಕಾರಿನಲ್ಲಿ ಅದನ್ನು ಮಾಡಲಿಲ್ಲ. ಕನೆಕ್ಟರ್ ಬಿಚ್ಚಿದ್ದಾಗಲೇ ಕೀಲಿ ತಿರುಗಿಸಿದ್ದರಿಂದ ದೋಷ ದಾಖಲಾಗಿ ದೀಪ ಉರಿಯತೊಡಗಿತು. ಅದು ಉರಿಯುತ್ತಿರುವಾಗ ಅಪಘಾತವಾದರೆ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇಲ್ಲ. ಅಷ್ಟೇ ಅಲ್ಲ, ಸೆಂಟರ್ ಸ್ಪೀಕರಿನ ವೈರನ್ನು ಹಳದಿ ಹೊದಿಕೆಯ ವೈರುಗಳ ಕಟ್ಟಿಗೆ ಸೇರಿಸಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದರು. ಹಳದಿ ಹೊದಿಕೆ ಎಂದರೆ ಸಾಮಾನ್ಯವಾಗಿ ಏರ್‌ಬ್ಯಾಗ್ ವೈರುಗಳು. ಆ ಕಾರಿನಲ್ಲಿ ಮೂರು ವಾರ ನನ್ನ ಮನೆಯವರು ಮುಂದಿನ ಸೀಟಿನಲ್ಲಿ ಕುಳಿತು ಓಡಾಡಿದ್ದಾರೆ. ಡ್ಯಾಶ್‌ಬೋರ್ಡ್ ಮುಟ್ಟಿದ ಮೇಲೆ ಆ ದೀಪ ಆರದಿದ್ದರೆ ಕಾರನ್ನು ಅಲ್ಲಿಂದ ಹೊರಡಿಸಬೇಡಿ.

ಸೆಂಟರ್ ಸ್ಪೀಕರೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ತನ್ನದೇ ಸಿಗ್ನಲ್ ಬೇಕು, ತನ್ನದೇ ಆಂಪ್ಲಿಫೈಯರ್ ಚಾನೆಲ್ ಬೇಕು. ಎಡ ಬಲ ಎಂಬ ಎರಡೇ ಚಾನೆಲ್‌ಗಳ ಹಾಡಿನಿಂದ ನಡುವಿನ ದನಿಯನ್ನು ಬೇರ್ಪಡಿಸುವ ವಿದ್ಯೆ ಹಳೆಯದು: ಡಾಲ್ಬಿ ಕಂಪನಿಯ ಪ್ರೊ ಲಾಜಿಕ್ ಎಂಬ ತಂತ್ರ 1987ರಲ್ಲಿ ಬಂದಿತು, ಪ್ರೊ ಲಾಜಿಕ್ 2 ಎಂಬುದು 2000ದಲ್ಲಿ. ಅವು ಎಡ ಬಲ ಎರಡರಲ್ಲಿಯೂ ಸಮಾನವಾಗಿರುವುದನ್ನು ಗುರುತಿಸಿ ನಡುವಿಗೆ ಕಳುಹಿಸುವುದರ ಜೊತೆಗೆ, ಎಡ ಬಲಗಳಲ್ಲಿ ಅದನ್ನು ತಗ್ಗಿಸುತ್ತವೆ. ಈ ತಗ್ಗಿಸುವಿಕೆಯೇ ಅಗಲವನ್ನು ಉಳಿಸುವುದು. ಸುಮ್ಮನೆ ಕೂಡಿಸಿದರೆ ಎರಡರಲ್ಲಿಯೂ ಇರುವ ದನಿ 6 ಡೆಸಿಬೆಲ್ ಹೆಚ್ಚುತ್ತದೆ, ಬದಿಯ ವಾದ್ಯಗಳು ನಡುವಿಗೂ ಸೋರುತ್ತವೆ. ಡಿಎಸ್‌ಪಿ (ಧ್ವನಿಯ ಸಿಗ್ನಲನ್ನು ಸಂಸ್ಕರಿಸುವ ಉಪಕರಣ) ಖರೀದಿಸುವಾಗಲೂ ಅದು ನಡುವಿನ ದನಿಯನ್ನು ನಿಜವಾಗಿ ಬೇರ್ಪಡಿಸುತ್ತದೆಯೇ, ಅಥವಾ ಎಡ ಬಲವನ್ನು ಕೂಡಿಸಿ ಕೊಡುತ್ತದೆಯೇ ಎಂದು ಸ್ಪಷ್ಟವಾಗಿ ಕೇಳಿ. ಉತ್ತರ ತಡವರಿಸಿದರೆ ಖರೀದಿಸಬೇಡಿ.

ಬೇರೆ ಸ್ಟೀರಿಯೊ ಹಾಕಿಸಿದ ಮೇಲೆ ನಾನು ಸೆಂಟರ್ ಸ್ಪೀಕರನ್ನು ಮತ್ತೆ ಜೋಡಿಸಲಿಲ್ಲ. ಅದರ ಮೆನುವಿನಲ್ಲಿ ಪ್ರತಿ ಸ್ಪೀಕರನ್ನೂ ಪ್ರತ್ಯೇಕವಾಗಿ ತಡವಾಗಿಸುವ ಆಯ್ಕೆ ಇತ್ತು. ಟೇಪು ಹಿಡಿದು ಅಳೆದೆ: ಹತ್ತಿರದ ಬಾಗಿಲಿನ ಸ್ಪೀಕರ್ ನನ್ನ ಕಿವಿಯಿಂದ 80 ಸೆಂಟಿಮೀಟರ್, ದೂರದ್ದು 140. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 60 ಸೆಂಟಿಮೀಟರಿಗೆ 1.75 ಮಿಲಿಸೆಕೆಂಡು. ಹತ್ತಿರದ ಸ್ಪೀಕರನ್ನು ಅಷ್ಟು ತಡಮಾಡಿದೊಡನೆ ದನಿ ಬಾಗಿಲು ಬಿಟ್ಟು ಡ್ಯಾಶ್‌ಬೋರ್ಡಿನ ನಡುವಿಗೆ ಬಂದು ನಿಂತಿತು. ನಾನು ಬಯಸಿದ್ದು ಇದನ್ನೇ, ಒಂದೂ ವೈರ್ ಕತ್ತರಿಸದೆ ಸಿಕ್ಕಿತು. ಇದು ಒಂದು ಸೀಟಿಗೆ ಮಾತ್ರ. ಪಕ್ಕದಲ್ಲಿ ಕುಳಿತವರಿಗೆ ದನಿ ಅವರ ಬಾಗಿಲಿನ ಕಡೆಗೆ ಇನ್ನಷ್ಟು ವಾಲುತ್ತದೆ. ಇಬ್ಬರಿಗೂ ನಡುವಿನಿಂದಲೇ ಕೇಳಬೇಕೆಂದರೆ ನಿಜವಾದ ಸೆಂಟರ್ ಚಾನೆಲ್ಲೇ ಬೇಕು.

ಈಗಾಗಲೇ ಹಾಕಿಸಿಕೊಂಡಿದ್ದು, ಹಾಡಿನ ನಡುವೆ ಸದ್ದು ನಿಲ್ಲುತ್ತಿದ್ದರೆ ಇಂದೇ ಪರೀಕ್ಷಿಸಿ. ಬ್ಯಾಟರಿಯ ಮೈನಸ್ ತೆಗೆಯಿರಿ, ಸ್ಟೀರಿಯೊ ಹೊರಗೆಳೆದು ಹಿಂದಿನ ಪ್ಲಗ್ ಬಿಚ್ಚಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಕಾರಿನ ಕಡೆಯ ಪ್ಲಗ್ಗಿನಲ್ಲಿ ಅಳೆಯಿರಿ. ಬೇರೆ ಆಂಪ್ಲಿಫೈಯರ್ ಇಲ್ಲದ ಕಾರಿನಲ್ಲಿ, ನಾಲ್ಕು ಓಮ್ ಸ್ಪೀಕರಿನ ಪ್ಲಸ್ ಮತ್ತು ಮೈನಸ್ ನಡುವೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ ತೋರಿಸಬೇಕು. ಎಡದ ಪ್ಲಸ್‌ಗೂ ಬಲದ ಪ್ಲಸ್‌ಗೂ ನಡುವೆ ಯಾವ ಸಂಪರ್ಕವೂ ಇರಬಾರದು. ಸ್ಪೀಕರಿನ ಯಾವುದೇ ವೈರಿನಿಂದ ಕಾರಿನ ಲೋಹಕ್ಕೂ ಇರಬಾರದು. ಎರಡು ಪ್ಲಸ್‌ಗಳ ನಡುವೆ ಸೊನ್ನೆಗೆ ಹತ್ತಿರದ ಅಂಕಿ ಕಂಡರೆ, ಆ ಗಂಟು ಬಿಚ್ಚಿಸಿ ಬೇರೆ ಬೇರೆಯಾಗಿ ಟೇಪು ಸುತ್ತಿಸುವವರೆಗೆ ಸ್ಟೀರಿಯೊ ಹಚ್ಚಬೇಡಿ.