ಪಿಕಪ್ ಎತ್ತರ ಮಾಡಿಸ್ಲಿಕ್ಕೆ ಹೊರಟವರು ಇದನ್ನು ಓದಿ ಮಾರಾಯ್ರೆ

ಬಿಚ್ಚಿದ ಹಳೇ ಸ್ಪ್ರಿಂಗು, ಹಳೇ ಶಾಕ್ ಅಬ್ಸಾರ್ಬರ್ ನಿಮ್ಮ ಕೈಗೆ ಬರದೆ ಒಂದು ರೂಪಾಯಿಯೂ ಬಿಚ್ಚಬೇಡಿ. ಮೊದಲೇ ಹೇಳಿಬಿಡ್ತೇನೆ, ಕಡೇವರೆಗೆ ಓದುವ ಪುರುಸೊತ್ತು ಯಾರಿಗುಂಟು.

ನನ್ನದು ಇಸುಜು ವಿ-ಕ್ರಾಸ್ ಪಿಕಪ್. ಹೆಬ್ರಿ ಕಡೆ ತೋಟ, ಮಳೆಗಾಲದಲ್ಲಿ ಆ ದಾರಿಯಲ್ಲಿ ಮುಂದಿನ ಬಂಪರ್ ನೆಲಕ್ಕೆ ಉಜ್ಜುತ್ತದೆ. ಈ ಗಾಡಿಗಳ ಮೂತಿ ಕಂಪೆನಿಯಿಂದಲೇ ತುಸು ತಗ್ಗು, ಹಿಂದೆ ಲೋಡ್ ಬಿದ್ದಾಗ ಸಮ ಆಗಲಿ ಅಂತ. ನಾನು ಕೇಳಿದ್ದು ಮುಂದಕ್ಕೆ ಹೊಸ ಕಾಯಿಲ್ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಹಿಂದಿನ ಪಟ್ಟಿ ಸ್ಪ್ರಿಂಗಿಗೆ ಸೇರಿಸುವ ಲೀಫ್ ಪ್ಲೇಟ್. 40 ಮಿಮೀ ಎತ್ತರ, ಹೆಚ್ಚು ಬೇಡ. ಮಂಗಳೂರಿನ ಗ್ಯಾರೇಜಿನವ "ಫಾರಿನ್ ಕಿಟ್ಟೇ ಹಾಕುವ ಅಣ್ಣ" ಅಂತ ಲಕ್ಷದ ಹತ್ತಿರ ಹೇಳಿದ. ಆರ್‌ಟಿಒ ವಿಷಯ ಕೇಳಿದ್ದಕ್ಕೆ "ಅದೆಲ್ಲ ಎಂತ ಸಾ ಇಲ್ಲ, ನಾನಿಲ್ವಾ?"

ತರ್ಲಿಕ್ಕೆ ಹೋದಾಗ ಗಾಡಿ ಆಕಾಶ ನೋಡ್ತಿತ್ತು. "ಹೊಸ ಸ್ಪ್ರಿಂಗ್ ಅಲ್ವಾ, ಕೂತ್ಕೊಳ್ತದೆ ಅಣ್ಣ." ಮುಲ್ಕಿ ದಾಟುವಷ್ಟರಲ್ಲಿ ಸ್ಟೇರಿಂಗ್ ನೆಟ್ಟಗೆ ನಿಲ್ಲದು. ಹಂಪ್ ಇಳಿದಾಗಲೆಲ್ಲ ಕೆಳಗಿಂದ ಟಕ್. ಫೋನ್ ಮಾಡಿದೆ. "ಬುಷ್ ಹೊಸತಲ್ವಾ, ಮಳೆಗೆ ಹಾಗೇ ಅಣ್ಣ." ರಾತ್ರಿ ಅಡಿಕೆ ಮೂಟೆ ಹೇರಿಕೊಂಡು ಹೊರಟರೆ ಎದುರಿನವರೆಲ್ಲ ಲೈಟ್ ಹೊಡೆದು ಬೈತಾರೆ. ಮತ್ತೆ ಫೋನ್. "ಹೆಡ್‌ಲೈಟ್ ಇಳಿಸಿ ಅಣ್ಣ." ಅಣ್ಣ ಅಣ್ಣ ಅಂತಲೇ ಕುತ್ತಿಗೆ ಕೊಯ್ದ!

ಗೊತ್ತಾದದ್ದು ಉಡುಪಿಯಲ್ಲಿ, ಚಕ್ರದ ಅಲೈನ್‌ಮೆಂಟಿಗೆ ಹಾಕಿದಾಗ. ಕ್ಯಾಂಬರ್, ಅಂದರೆ ಚಕ್ರ ಒಳಗೆ ಹೊರಗೆ ವಾಲುವ ಓರೆ, ಎಷ್ಟು ತಿರುಗಿಸಿದರೂ ರೇಂಜಿಗೆ ಬರ್ತಾ ಇಲ್ಲ. ಹುಡುಗ ಟಾರ್ಚ್ ಹಾಕಿ ನೋಡಿದ, ನನ್ನನ್ನು ನೋಡಿದ. "ಇದು ಕಂಪೆನಿ ಸ್ಪ್ರಿಂಗೇ ಅಲ್ವಾ?" ಅಲ್ಲಪ್ಪ, ಹೊಸತು, ಕೆಂಪು ಕಾಣುದಿಲ್ವಾ ಅಂದೆ. ಅವ ಉಗುರಲ್ಲಿ ಕೆರೆದ. ಕೆಂಪು ಪೇಂಟ್ ಉದುರಿ ಕೆಳಗೆ ಹಳೇ ಕಪ್ಪು. ಶಾಕ್ ಕೂಡ ಹಳೆಯದೇ, ಮೇಲೊಂದು ಸ್ಟಿಕ್ಕರ್. ಪೇಂಟ್ ಹೊಡೆದು ಕೊಟ್ಟಿದ್ದಾನೆ ಮಾರಾಯ್ರೆ, ಪೇಂಟ್! ಟೈರ್ ಬದಲಿಸ್ಲಿಕ್ಕೆ ಬಂದು ಕೂತಿದ್ದವರೂ ಬಗ್ಗಿ ನೋಡಿ ನಕ್ಕರು. ನನಗೆ ಅಲ್ಲಿಂದ ಎದ್ದು ಹೋದರೆ ಸಾಕಾಗಿತ್ತು.

ಎತ್ತರ ಬಂದದ್ದು ಶಾಕಿನ ತಲೆ ಮೇಲಿಟ್ಟ ಅಲ್ಯುಮಿನಿಯಂ ಸ್ಪೇಸರಿನಿಂದ, ಅಂದರೆ ಒಂದು ದಪ್ಪ ಬಿಲ್ಲೆಯಿಂದ. ಶಾಕ್ ಕೂರುವುದು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮಿನ ನಡುಭಾಗದಲ್ಲಿ, ಹಾಗಾಗಿ ಮೇಲೆ ಇಟ್ಟದ್ದರ ಹೆಚ್ಚುಕಡಿಮೆ ದುಪ್ಪಟ್ಟು ಚಕ್ರದ ಹತ್ತಿರ ಏರುತ್ತದೆ. 40 ಕೇಳಿದ್ದಕ್ಕೆ 40ರ ಬಿಲ್ಲೆಯನ್ನೇ ಇಟ್ಟಿದ್ದಾನೆ ಬುದ್ಧಿವಂತ! ಚಕ್ರ ಕೆಳಗೆ ಜೋತಾಗ ಮೇಲಿನ ಆರ್ಮ್ ಸ್ಪ್ರಿಂಗಿಗೆ ಬಡಿಯುವುದೇ ಆ ಟಕ್. ಆಕ್ಸಲ್ ಓರೆಯಾಗಿ, ಅದರ ಬಾಗುವ ಗಂಟು ಸಿವಿ ಜಾಯಿಂಟಿನ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಗೆಲ್ಲ ಗ್ರೀಸ್. ಹಿಂದೆ ಪ್ಲೇಟೂ ಇಲ್ಲ, ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ ಬಿಗಿದದ್ದು. ಸ್ಪೇಸರ್ ಹಾಕುವುದೇ ತಪ್ಪು ಅಂತಲ್ಲ, ತೆಳುವಾದದ್ದು ಹಾಕಿ ಓಡಿಸುವವರಿದ್ದಾರೆ. ಆದರೆ ಅದು ಕೆಲವೇ ಸಾವಿರದ ಸಾಮಾನು. ಲಕ್ಷ ಎಂತಕ್ಕೆ?

ಗ್ಯಾರೇಜಿಗೆ ಹೋದೆ. "ಎಲ್ಲರಿಗೂ ಇದನ್ನೇ ಹಾಕುವುದು, ನಿಮ್ಮದೊಂದೇ ಕಂಪ್ಲೇಂಟ್." ಹೊಸ ಸ್ಪ್ರಿಂಗ್ ಎಲ್ಲಿ? "ಬಿಲ್ಲಲ್ಲಿ ಉಂಟಾ ನೋಡಿ." ಬಿಲ್ಲಲ್ಲಿ 'ಸಸ್ಪೆನ್ಶನ್ ಕೆಲಸ' ಅಂತ ಒಂದೇ ಸಾಲು. ಪೊಲೀಸಿಗೆ ಕೊಡ್ತೇನೆ ಅಂದದ್ದಕ್ಕೆ ನಕ್ಕ: "ಕೊಡಿ. ಗಾಡಿ ಆಲ್ಟರ್ ಮಾಡಿಸಿದ್ದು ಯಾರು? ಸೆಕ್ಷನ್ 52 ಓನರ್ ಮೇಲೆ ಬೀಳುವುದು, ನನ್ನ ಮೇಲೆ ಅಲ್ಲ." ಮೊದಲು ಎಂತ ಸಾ ಇಲ್ಲ ಅಂದವನ ಬಾಯಲ್ಲೇ ಈಗ ಮೋಟಾರು ವಾಹನ ಕಾಯ್ದೆ! ಆಗ ಅಣ್ಣ ಅನ್ನಲಿಲ್ಲ, ಗಮನಿಸಿದೆ.

ಕಿಟ್ಟಿನ ಪೆಟ್ಟಿಗೆ ನಿಮ್ಮೆದುರು ಒಡೆಸಿ, ಪಾರ್ಟ್ ನಂಬರ್ ಬಿಲ್ಲಲ್ಲಿ ಬರೆಸಿ. ಕೆಲಸಕ್ಕೆ ಮೊದಲೊಮ್ಮೆ, ಆದ ಮೇಲೊಮ್ಮೆ ಅಲೈನ್‌ಮೆಂಟ್ ಪ್ರಿಂಟ್ ತೆಗೆಸಿ, ಅದನ್ನು ಬೇರೆ ಕಡೆ ಮಾಡಿಸಿ. "ಕೂತ್ಕೊಳ್ತದೆ" ಅಂದರೆ ಅಲ್ಲಿಂದಲೇ ಜಗಳ ಶುರು ಮಾಡಿ.

ಈಗ ಬಿಲ್ಲೆ, ಬ್ಲಾಕ್ ಎರಡೂ ತೆಗೆಸಿ ಗಾಡಿ ಮೊದಲಿನ ಹಾಗೇ ಮಾಡಿಸಿದ್ದೇನೆ. ಹರಿದ ಬೂಟಿನ ಖರ್ಚಾದರೂ ಕೊಡು ಅಂತ ಮೆಸೇಜ್ ಹಾಕಿದೆ. ನಂಬರ್ ಬ್ಲಾಕ್.