ಮಗನಿಗೆ ಮಾಡಿಸಿದ ಆನೋರೆಕ್ಟಲ್ ಮಾನೋಮೆಟ್ರಿ: ತಾಯಿಯೊಬ್ಬಳ ವಿಮರ್ಶೆ

ಹಸುಗೂಸಾಗಿದ್ದಾಗಿನಿಂದಲೂ ಮಲಬದ್ಧತೆಯಿಂದ ನರಳುತ್ತಿದ್ದ ನಮ್ಮ ಐದು ವರ್ಷದ ಮಗನಿಗೆ ಕಳೆದ ತಿಂಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆನೋರೆಕ್ಟಲ್ ಮಾನೋಮೆಟ್ರಿ, ಅಂದರೆ ಮಲನಾಳ ಮತ್ತು ಗುದದ್ವಾರದ ಸ್ನಾಯುಗಳ ಒತ್ತಡವನ್ನು ಅಳೆಯುವ ಪರೀಕ್ಷೆ ಮಾಡಿಸಿದೆವು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದೆಂದು ಮಕ್ಕಳ ವೈದ್ಯರು ಶಂಕಿಸಿದ ದಿನದಿಂದ ನಮಗೆ ನಿದ್ದೆ ಇರಲಿಲ್ಲ. ಅದೇ ಆತಂಕದಲ್ಲಿರುವ ತಂದೆತಾಯಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ತುದಿಯಲ್ಲಿ ಪುಟ್ಟ ಬಲೂನಿರುವ ತೆಳುವಾದ ನಳಿಕೆಯನ್ನು ಗುದದ್ವಾರದ ಮೂಲಕ ಒಳಗಿರಿಸಿ, ಬಲೂನಿಗೆ ಸ್ವಲ್ಪಸ್ವಲ್ಪವಾಗಿ ಗಾಳಿ ತುಂಬುತ್ತಾರೆ. ಮಲನಾಳದ ಗೋಡೆ ಹಿಗ್ಗಿದೊಡನೆ ಅಲ್ಲಿನ ಪ್ರತಿಬಂಧಕ (ಸ್ನಾಯುವನ್ನು ಸಡಿಲಿಸುವ) ನರಗಳು ನೈಟ್ರಿಕ್ ಆಕ್ಸೈಡ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡಬೇಕು. ನೈಟ್ರಿಕ್ ಆಕ್ಸೈಡ್ ಸ್ನಾಯುಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹೆಚ್ಚಿಸಿ, ಸದಾ ಬಿಗಿದುಕೊಂಡೇ ಇರುವ ಗುದದ್ವಾರದ ಒಳಗಿನ ಸ್ನಾಯುಬಳೆಯನ್ನು ಕ್ಷಣಕಾಲ ಸಡಿಲಿಸುತ್ತದೆ. ಇದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಕರುಳಿನ ಗೋಡೆಯಲ್ಲಿರುವ ನರಜಾಲವೇ ಸಾಕು ಎಂಬುದು ನನ್ನನ್ನು ಬೆರಗುಗೊಳಿಸಿತು. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಬರುವ ಹಿರ್ಷ್‌ಸ್ಪ್ರಂಗ್ ಕಾಯಿಲೆಯಲ್ಲಿ, ಗರ್ಭದಲ್ಲಿರುವಾಗ ಕರುಳಿನುದ್ದಕ್ಕೂ ಕೆಳಗಿಳಿಯಬೇಕಾದ ನರಕೋಶಗಳು ಕೊನೆಯ ಭಾಗವನ್ನು ತಲುಪಿರುವುದೇ ಇಲ್ಲ. ಹಾಗಾಗಿ ಬಲೂನು ಎಷ್ಟು ಉಬ್ಬಿದರೂ ಸ್ನಾಯುಬಳೆಯ ಒತ್ತಡ ಇಳಿಯುವುದಿಲ್ಲ. ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇದನ್ನು ವಿವರಿಸಿದಾಗ ಎದ್ದು ಕಂಡದ್ದು ಮೇಲಿನ ಊದಿದ ಕರುಳು. ರೋಗದ ನೆಲೆ ಅದರ ಕೆಳಗಿನ, ನೋಡಲು ಸಹಜವೆನಿಸುವ ಭಾಗವೆಂದು ತಿಳಿಯಲು ದಶಕಗಳೇ ಬೇಕಾದವು.

ಪರೀಕ್ಷೆ ನಡೆಸಿದ ತಂತ್ರಜ್ಞೆಯ ತಾಳ್ಮೆಯನ್ನು ನಾನು ಮರೆಯಲಾರೆ. ಮಗು ಅತ್ತು ಮುಕ್ಕರಿದರೆ ಹೊರಗಿನ ಸ್ನಾಯು ಬಿಗಿದು, ಪರದೆಯ ಮೇಲೆ ಒತ್ತಡವನ್ನು ತೋರಿಸುವ ಗೆರೆ ಕಲಸಿಹೋಗುತ್ತದೆ ಎಂದು ಮೊದಲೇ ತಿಳಿಸಿ, ಅವನು ಪೂರ್ತಿ ಸಮಾಧಾನಗೊಳ್ಳುವವರೆಗೂ ಕಾದರು. ಬಳಿಕ ಗಾಳಿ ತುಂಬಿ, ಪರದೆಯತ್ತ ಬೆರಳು ತೋರಿಸಿ, "ನೋಡಿ ಮೇಡಂ, ಗೆರೆ ಇಳಿಯಿತು" ಎಂದರು. ಆ ತಗ್ಗನ್ನು ನೋಡಿ ನನ್ನ ಕಣ್ಣು ತುಂಬಿತು. ನರಗಳು ಅಲ್ಲಿದ್ದವು, ತಮ್ಮ ಕೆಲಸವನ್ನೂ ಮಾಡುತ್ತಿದ್ದವು. ಬಯಾಪ್ಸಿಯ (ಕರುಳಿನ ಚೂರು ತೆಗೆದು ಪರೀಕ್ಷಿಸುವ) ಅಗತ್ಯವಿಲ್ಲವೆಂದು ವೈದ್ಯರು ಅಂದೇ ತಿಳಿಸಿದರು.

ಆದರೆ ಸಿದ್ಧತೆಯ ಮಾಹಿತಿ ನೀಡುವುದರಲ್ಲಿ ಈ ವಿಭಾಗ ತೀರಾ ಹಿಂದಿದೆ. ಮುಂಚೆ ಎನಿಮಾ ಕೊಡಿಸಬೇಕೆಂದು ಯಾರೂ ಹೇಳದ ಕಾರಣ ಮೊದಲ ದಿನ ಮಗುವನ್ನು ಬರಿದೇ ಕರೆದುಕೊಂಡು ಹಿಂದಿರುಗಿದೆವು. ಆಮೇಲೆ ಕೊಟ್ಟ ಸೂಚನಾಪತ್ರವೂ ಇಂಗ್ಲಿಷಿನಲ್ಲಷ್ಟೇ ಇತ್ತು. ವರದಿಯಲ್ಲಿ ಪ್ರತಿವರ್ತನೆ (ಸ್ನಾಯುಬಳೆ ತಾನಾಗಿ ಸಡಿಲಗೊಳ್ಳುವುದು) ಇದೆಯೆಂಬ ಒಂದೇ ಸಾಲು ಬಿಟ್ಟರೆ ವಿವರಣೆಯಿಲ್ಲ. ಹೋಗುವವರು ಎನಿಮಾ ಮತ್ತು ಉಪವಾಸದ ಬಗ್ಗೆ ಫೋನಿನಲ್ಲೇ ವಿಚಾರಿಸಿಕೊಳ್ಳಿ, ಮಗುವಿಗೆ ಪ್ರಿಯವಾದ ಆಟಿಕೆಯನ್ನು ಜೊತೆಗೊಯ್ಯಿರಿ, ಗೆರೆಯನ್ನು ತೋರಿಸುವಂತೆ ಸಂಕೋಚವಿಲ್ಲದೆ ಕೇಳಿ.