ಒಂದು ‘ಡ್’ ಧ್ವನಿಯ ಪಾಠ: ಆಡುಮಾತಿನ ಇಂಗ್ಲಿಷ್ ಕೋರ್ಸಿನ ವಿಮರ್ಶೆ

ಆಡುಮಾತಿನ ಇಂಗ್ಲಿಷ್ ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಇತ್ತೀಚೆಗೆ ಮುಗಿಸಿದೆ. ಪಾಸ್ಟ್ ಪರ್ಫೆಕ್ಟ್, ಅಂದರೆ ಹಿಂದಿನ ಒಂದು ಸಮಯಕ್ಕೆ ಆಗಲೇ ಮುಗಿದಿದ್ದ ಕ್ರಿಯೆಯನ್ನು ಹೇಳುವ ವಾಕ್ಯಗಳಲ್ಲಿ ‘ಹ್ಯಾಡ್’ ಎಂಬುದು ಕುಗ್ಗಿ ಬರಿಯ ‘ಡ್’ ಆಗುವುದನ್ನು ವಿವರಿಸುವ ಪಾಠವೊಂದಕ್ಕಾಗಿಯೇ ಈ ಕೋರ್ಸನ್ನು ಧಾರಾಳವಾಗಿ ಶಿಫಾರಸು ಮಾಡಬಹುದು.

‘ಶೀಡ್ ಲೆಫ್ಟ್’ ಎಂದರೆ ಅವಳು ಆಗಲೇ ಹೊರಟಿದ್ದಳು ಎಂದರ್ಥ; ‘ಶೀಡ್ ಲೀವ್’ ಎಂದಾಗ ಅದೇ ‘ಡ್’ ‘ವುಡ್’ ಎಂಬುದರ ಸಂಕ್ಷಿಪ್ತ ರೂಪವಾಗುತ್ತದೆ. ಮುಂದೆ ಬರುವ ಕ್ರಿಯಾಪದದ ರೂಪದಿಂದಲೇ ಇದನ್ನು ಗುರುತಿಸಬೇಕೆಂಬ ನಿಯಮವನ್ನು ಬಾಯಿಪಾಠ ಮಾಡಿಸದೆ, ಸಹಜ ವೇಗದ ಸಂಭಾಷಣೆಗಳನ್ನು ಮತ್ತೆ ಮತ್ತೆ ಕೇಳಿಸಿ ಕಿವಿಗೆ ರೂಢಿ ಮಾಡಿಸಿರುವುದು ನಿಜಕ್ಕೂ ಶ್ಲಾಘನೀಯ. ‘ದೇಡ್ ಟೋಲ್ಡ್ ಮಿ’ ಎನ್ನುವಾಗ ಆ ‘ಡ್’ ಮುಂದಿನ ‘ಟ’ಕಾರದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತದೆ ಎಂಬುದು ನನ್ನ ಗಮನಕ್ಕೆ ಬಂದದ್ದೇ ಇಲ್ಲಿ. ‘ಹೊರಟು’ ಮತ್ತು ‘ಇದ್ದಳು’ ಸೇರಿ ‘ಹೊರಟಿದ್ದಳು’ ಆಗುವ ಭಾಷೆಯನ್ನಾಡುವ ನಮಗೆ ಇಂತಹ ಕುಗ್ಗುವಿಕೆ ಅಪರಿಚಿತವೇನಲ್ಲ.

ಅಭ್ಯಾಸ ಪ್ರಶ್ನೆಗಳು ಮಾತ್ರ ನಿರಾಸೆ ತಂದವು. ‘ಪುಟ್’ ಎಂಬ ಕ್ರಿಯಾಪದದ ರೂಪ ಬದಲಾಗದ ಕಾರಣ ‘ಐಡ್ ಪುಟ್’ ಎಂಬುದಕ್ಕೆ ಎರಡೂ ಅರ್ಥಗಳು ಸಾಧ್ಯ; ಸಂದರ್ಭವನ್ನೇ ಕೊಡದೆ ನನ್ನ ಉತ್ತರವನ್ನು ತಪ್ಪೆಂದು ತೋರಿಸಲಾಯಿತು. ‘ಯೆಸ್, ಐ ಹ್ಯಾಡ್’ ಎಂಬ ಕಿರು ಉತ್ತರವನ್ನು ‘ಯೆಸ್, ಐಡ್’ ಎಂದು ಕುಗ್ಗಿಸಬಾರದೆಂಬ ಅಗತ್ಯದ ಎಚ್ಚರಿಕೆಯೂ ಪಾಠದಲ್ಲಿ ಎಲ್ಲಿಯೂ ಇಲ್ಲ.